ನಟ ಕಿಶೋರ್ ‘ಏನೂ ಮಾಡಲ್ಲ’ ಅಂತಾರೆ, ಮತ್ತೆ ಕಣ್ಣು ಅವರ ಮೇಲಿಂದ ಯಾಕೆ ಕದಲಲ್ಲ?

ಕೋಟೆಕೆಳಗಿನವ (ಬಳ್ಳಾರಿ)

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗ್ತೈತೆ, ಬೈಬೇಡ್ರಿ. ನಟ ಕಿಶೋರ್ ಬಗ್ಗೆ ಕೇಳ್ಬೇಕಿತ್ತು, ಅದೇ ಕಾಂತಾರದ ಫಾರೆಸ್ಟ್ ಆಫೀಸರ್ ಮುರಳೀಧರ್. ಹೋದ ವಾರ ಟಿವಿಲಿ ಕಾಂತಾರ ಹಾಕಿದ್ರು, ಮನೆ ಮಂದಿ ಎಲ್ಲ ಕೂತು ನೋಡ್ತಿದ್ವಿ, ನಮ್ಮ ಸೋದರಮಾವ ಜಾಹೀರಾತು ಬಂದಾಗೆಲ್ಲ ಒಂದೇ ಮಾತು, "ಈ ಮನುಷ್ಯ ಏನ್ ಆಕ್ಟಿಂಗ್ ಮಾಡ್ತಾನೋ, ಸುಮ್ನೆ ನಿಂತು ನೋಡ್ತಾನಷ್ಟೇ, ಇದಕ್ಕೂ ದುಡ್ಡು ಕೊಡ್ತಾರಾ" ಅಂತ. ಮಜಾ ಏನಂದ್ರೆ ಪಿಚ್ಚರ್ ಪೂರ್ತಿ ಮಾವ ನೋಡಿದ್ದು ಅವರನ್ನೇ. ರಿಷಬ್ ಶೆಟ್ಟಿ ಕೂಗಾಡ್ತಿದ್ರೂ ಮಾವನ ಕಣ್ಣು ಆಫೀಸರ್ ಮೇಲೆ, ಈಗ ಹೊಡಿತಾನೆ ನೋಡು, ಈಗ ಏನೋ ಅಂತಾನೆ ನೋಡು ಅಂತ ಕಾಯ್ತಿದ್ರು.

ನಮ್ಮೂರಲ್ಲಿ ತೆಲುಗು ಪಿಚ್ಚರ್‌ದೇ ಹವಾ ಅಂತ ನಿಮಗೆ ಗೊತ್ತು. ನನ್ನ ದೋಸ್ತರಿಗೆ ಇವರು ಭೀಮಿಲಿ ಕಬಡ್ಡಿ ಜಟ್ಟು ಕೋಚ್ ಅಂತಾನೇ ಗೊತ್ತು, ತೆಲುಗು ಹೀರೋ ನಾನಿ ಪಿಚ್ಚರದು. ಅದು ತಮಿಳಿನ ವೆಣ್ಣಿಲಾ ಕಬಡಿ ಕುಳು (2009) ರೀಮೇಕು, ಎರಡರಲ್ಲೂ ಕೋಚ್ ಇವರೇ. ಚನ್ನಪಟ್ಟಣ ಕಡೆ ಮನುಷ್ಯ, ಕನ್ನಡದವರು ಕಣ್ರೋ ಅಂದ್ರೆ ಒಬ್ಬನೂ ನಂಬಲಿಲ್ಲ.

ಕೇಳೋಕೆ ಇನ್ನೊಂದು ಕಾರಣಾನೂ ಐತೆ. ನಾನು ಇಲ್ಲೊಂದು ಹವ್ಯಾಸಿ ತಂಡದಾಗೆ ಇದೀನಿ, ಈ ಸಲ ನಾಟಕದಾಗೆ ನನಗೆ ಒಬ್ಬ ರೆವಿನ್ಯೂ ಇನ್ಸ್‌ಪೆಕ್ಟರ್ ಪಾತ್ರ ಕೊಟ್ಟಿದಾರೆ, ಮಾತು ಕಡಿಮೆ, ಆದ್ರೆ ಸ್ಟೇಜ್ ಮೇಲೆ ಇರೋ ಟೈಮು ಜಾಸ್ತಿ. ನಿರ್ದೇಶಕರು ದಿನಾ ಒಂದೇ ಹೇಳೋದು, "ಏನೂ ಮಾಡ್ಬೇಡ, ಒಳಗಿಂದ ಇರಲಿ, ಕಿಶೋರ್ ಥರ". ನಾನು ಏನೂ ಮಾಡ್ದೇ ನಿಂತ್ರೆ ನಿಜವಾಗ್ಲೂ ಏನೂ ಇರಲ್ಲ, ಪಕ್ಕದವರು ನಗ್ತಾರೆ. ಏನಾದ್ರೂ ಮಾಡಿದ್ರೆ ಓವರ್ ಆಯ್ತು ಅಂತಾರೆ. ಈ ಸುಮ್ನಿರೋ ಆಕ್ಟಿಂಗ್ ಅಂದ್ರೆ ಏನ್ರಪ್ಪ? ಅವರ ಯಾವ್ಯಾವ ಪಿಚ್ಚರ್ ನೋಡಿದ್ರೆ ತಿಳಿತೈತೆ? ಮತ್ತೆ ಇಷ್ಟು ಒಳ್ಳೆ ನಟನಿಗೆ ಕನ್ನಡದಾಗೆ ಪೊಲೀಸು, ರೌಡಿ ಬಿಟ್ಟು ಬೇರೆ ಯಾಕೆ ಸಿಗಲಿಲ್ಲ? ತಿಳಿದವರು ಹೇಳ್ರಿ.

ಎಡದಂಡೆ (ಸಿಂಧನೂರು)

ಅಣ್ಣಾ ಇವರು ಆ ದಿನಗಳು ಪಿಚ್ಚರ್‌ದಾಗ ಕೊತ್ವಾಲ್ ಮಾಡಿದವ್ರಲ್ಲೇನು, ಅದರಾಗ ಮಸ್ತ್ ಮಾಡ್ಯಾರ.

ವೀಡಿಯೊ ಮಲ್ಲಿ (ಬಳ್ಳಾರಿ)

@ಎಡದಂಡೆ ಇಲ್ಲ ಅಣ್ಣ, ಅದು ಶರತ್ ಲೋಹಿತಾಶ್ವ. ಅದೂ 2007, ಕಿಶೋರ್ ಪೊಲೀಸ್ ಆಗಿದ್ದ ದುನಿಯಾನೂ 2007, ಅದಕ್ಕೇ ಎಲ್ರಿಗೂ ಕಲಸುಮೇಲೋಗರ ಆಗ್ತೈತೆ. ಅದೇ ವರ್ಷ ದೀಪಾವಳಿಗೆ ತಮಿಳಲ್ಲಿ ಪೊಲ್ಲಾದವನ್ ಬಂತು, ನಿರ್ದೇಶಕ ವೆಟ್ರಿಮಾರನ್ ಮೊದಲನೇ ಪಿಚ್ಚರು. ಕನ್ನಡದ ಕಂಠಿಯಿಂದ (2004) ಶುರು ಮಾಡಿದ ಮನುಷ್ಯನ ದಾರಿ ತಿರುಗಿದ್ದು ಅಲ್ಲಿ ಅಂತ ನನ್ನ ಲೆಕ್ಕ.

@ಕೋಟೆಕೆಳಗಿನವ ನಾನು ಮದುವೆ ವೀಡಿಯೊ ಎಡಿಟಿಂಗ್ ಮಾಡೋನು, ಸಿನಿಮಾದವನಲ್ಲ, ಆದ್ರೂ ನನ್ನ ಕೆಲಸದಿಂದ ತಿಳಿದಿದ್ದು ಹೇಳ್ತೀನಿ. ಧಾರೆ ಟೈಮಲ್ಲಿ ಎಲ್ರೂ ಅಕ್ಷತೆ ಹಾಕ್ತಿರ್ತಾರೆ, ಓಲಗ ಜೋರಾಗಿರ್ತೈತೆ, ಹೆಣ್ಣಿನ ತಾಯಿ ಅಳ್ತಿರ್ತಾರೆ, ಅದನ್ನ ಎಲ್ರೂ ಶೂಟ್ ಮಾಡ್ತಾರೆ. ನಾನು ಎರಡನೇ ಕ್ಯಾಮೆರಾ ಹುಡುಗನಿಗೆ ಹೇಳಿರ್ತೀನಿ, ಹೆಣ್ಣಿನ ಅಪ್ಪನ್ನ ಬಿಡಬೇಡ ಅಂತ. ಆಯಪ್ಪ ಅಳಲ್ಲ. ಟವೆಲ್ ಹೆಗಲ ಮೇಲೆ ಸರಿ ಮಾಡ್ಕೊಂತಾನೆ, ಯಾರಿಗೋ ಊಟಕ್ಕೆ ಎಬ್ಬಿಸ್ರಿ ಅಂತ ಕೈ ಮಾಡ್ತಾನೆ, ಮತ್ತೆ ಮಗಳ ಕಡೆ ಒಂದು ಸಲ ನೋಡಿ ತಕ್ಷಣ ಆ ಕಡೆ ತಿರುಗ್ತಾನೆ. ಕಟ್ ಮಾಡುವಾಗ ಆ ತಿರುಗೋ ಶಾಟ್ ಒಂದೆರಡು ಸೆಕೆಂಡ್ ಜಾಸ್ತಿ ಇಟ್ರೆ ಸಾಕು, ಆಲ್ಬಮ್ ತಗೊಳ್ಳೋಕೆ ಬಂದಾಗ ಮನೆಯವರೆಲ್ಲ ಅಲ್ಲೇ ಅತ್ತುಬಿಡ್ತಾರೆ. ಆಯಪ್ಪ ಏನೂ ಮಾಡ್ಲಿಲ್ಲ ಅನ್ನೋಕೆ ಆಗ್ತೈತಾ, ಮಾಡ್ದ, ಅಳು ತಡೆಯೋ ಕೆಲಸ ಮಾಡ್ದ, ಅದು ಕಾಣ್ತೈತೆ.

ಕಿಶೋರ್ ಮಾಡೋದೂ ಅದೇ ಅನ್ಸುತ್ತೆ. ಕಾಂತಾರದಾಗೆ ಮುರಳೀಧರ್ ನಿಂತಿರೋ ಸೀನ್ ತಗೊಂಡು ಸೌಂಡ್ ಮ್ಯೂಟ್ ಮಾಡಿ ನೋಡ್ರಿ. ಮುಖ ಆಡಲ್ಲ, ರೆಪ್ಪೆ ಬಡಿಯೋದೂ ಕಡಿಮೆ, ಆದ್ರೆ ಎದುರಿನವನು ಒಂದು ಮಾತು ಮುಗಿಸಿದ ಮೇಲೆ ಇವರು ಉತ್ತರ ಕೊಡೋಕೆ ಮುಂಚೆ ಒಂದು ಸಣ್ಣ ಗ್ಯಾಪ್ ಇರ್ತೈತೆ. ಹೊಡೀಲಾ, ಬಿಡ್ಲಾ, ರೂಲ್ಸ್ ಹೇಳ್ಲಾ ಅಂತ ಒಳಗೆ ನಡೆಯೋದು ಆ ಗ್ಯಾಪಲ್ಲಿ. ನಿಮ್ಮ ಮಾವ ಕಾಯ್ತಾ ಕೂತಿದ್ದು ಅದನ್ನೇ. ಇದರಾಗೆ ಅರ್ಧ ಕೆಲಸ ಎಡಿಟರ್‌ದು, ಅದನ್ನೂ ಹೇಳ್ಬೇಕು, ಆ ಗ್ಯಾಪ್ ಕತ್ತರಿಸಿಬಿಟ್ರೆ ನಟ ಎಷ್ಟೇ ದೊಡ್ಡೋನಾದ್ರೂ ಏನೂ ಉಳಿಯಲ್ಲ. ಅದೇ ವೆಟ್ರಿಮಾರನ್ ಅವರ ಆಡುಕಳಂ ಮತ್ತೆ ವಿಸಾರಣೈ ಎರಡರಲ್ಲೂ ಕಿಶೋರ್ ಇದಾರೆ, ಎರಡಕ್ಕೂ ಎಡಿಟರ್ ಹೆಸರೂ ಕಿಶೋರ್, ಕಿಶೋರ್ ಟಿ.ಇ. ಅಂತ, ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂತು, ಎರಡನೇದು ಬರೋ ಹೊತ್ತಿಗೆ ಆಯಪ್ಪ ಇರಲಿಲ್ಲ, 2015ರಲ್ಲೇ ಹೋಗಿಬಿಟ್ಟಿದ್ರು, ಚಿಕ್ಕ ವಯಸ್ಸು.

ಬಿಸಿಲು ಕುದುರೆ (ಹೊಸಪೇಟೆ ರಸ್ತೆ)

ಎಲ್ರೂ ಹೊಗಳ್ತಿದೀರ, ನಾನೊಬ್ಬ ವಿರುದ್ಧ ಹೇಳ್ತೀನಿ. ನನಗೆ ಅವರು ಎಲ್ಲಾ ಕಡೆ ಒಂದೇ ಥರ ಕಾಣ್ತಾರೆ. ಕಬಾಲಿಯಲ್ಲಿ ವಿಲನ್, ಅದೇ ಮುಖ. ದಿ ಫ್ಯಾಮಿಲಿ ಮ್ಯಾನ್ ಮೊದಲನೇ ಸೀಸನ್ನಲ್ಲಿ ಕಮಾಂಡೊ ಆಫೀಸರ್ ಪಾಷಾ, ಅದೇ ಮುಖ. ಶೀ ಅಂತ ನೆಟ್‌ಫ್ಲಿಕ್ಸಲ್ಲಿ ಬಂತಲ್ಲ, ಡ್ರಗ್ಸ್ ದಂಧೆ ನಾಯಕ್, ಅಲ್ಲೂ ಅದೇ ದನಿ ಇಳಿಸಿ ಮಾತಾಡೋದು, ಅದೇ ದಿಟ್ಟಿಸಿ ನೋಡೋದು. ಸುಮ್ನಿರೋದೇ ಒಂದು ಸ್ಟೈಲ್ ಆಗಿಬಿಟ್ರೆ ಅದೂ ಓವರ್ ಆಕ್ಟಿಂಗೇ ಅಲ್ವಾ? ಕೂಗೋನನ್ನ ಬೈತೀವಿ, ಇವರಿಗೆ ಮಾತ್ರ ಚಪ್ಪಾಳೆ. ಗಡ್ಡ ಬಿಟ್ಟು ಕಣ್ಣು ಬಿಟ್ಟು ನಿಂತ್ರೆ ಇಂಟೆನ್ಸ್ ಅಂತಾರೆ ಈಗಿನ ಹುಡುಗರು, ರೀಲ್ಸ್ ತುಂಬ ಅದೇ.

ಗಂಗಾವತಿ ಟೀಚರ್

@ಬಿಸಿಲು ಕುದುರೆ ನಿಮ್ಮ ಮಾತಿನ್ಯಾಗ ಅರ್ಧ ಖರೆ ಐತ್ರಿ. ನೀವು ಹೇಳಿದ ಮೂರೂ ಪಾತ್ರ ಬರಕೊಂಡು ಬಂದಿದ್ದೇ ಹಂಗ, ಗನ್ ಹಿಡಿಯೋದು ಇಲ್ಲಾ ಗನ್ ಹಿಡಿದವರನ್ನ ಆಳೋದು. ಅದರಾಗ ನಟ ಏನ್ ಮಾಡಬೇಕು. ಆದರ 2013ರ ಫೆಬ್ರವರಿ ತಗೋರಿ. ಅದೊಂದ ತಿಂಗಳಾಗ ಎರಡು ಪಿಚ್ಚರ್ ಬಂದ್ವು. ಒಂದು ಅಟ್ಟಹಾಸ, ಎ.ಎಂ.ಆರ್. ರಮೇಶ್ ಅವರದು, ಅದರಾಗ ಇವರು ವೀರಪ್ಪನ್. ಇನ್ನೊಂದು ತಮಿಳಿನ ಹರಿದಾಸ್, ಅದರಾಗ ಎನ್‌ಕೌಂಟರ್ ಪೊಲೀಸ್, ಆದರ ಪೊಲೀಸ್ ಕಥಿ ಅಲ್ಲ ಅದು, ಆಟಿಸಂ ಇರೋ ಮಗನ್ನ ಒಬ್ಬನ ಸಾಕೋ ಅಪ್ಪನ ಕಥಿ. ಒಂದ ತಿಂಗಳಾಗ ಕಾಡಿನ ಕಳ್ಳನೂ ಅವರ, ಪೊಲೀಸನೂ ಅವರ.

ಹರಿದಾಸ್ ನಾನು ಯಾಕ ಹೇಳಾಕತ್ತೀನಂದ್ರ, ನಮ್ಮ ಶಾಲಿಯೊಳಗ ಅಂಥ ಒಂದು ಮಗು ಐತಿ. ಆ ಮಗುವಿನ ಅಪ್ಪ ದಿನಾ ಗೇಟಿನ ತನಕ ಬಂದು ಬಿಟ್ಟು ಹೋಗ್ತಾನ, ಮಗು ತಿರುಗಿ ನೋಡೂದಿಲ್ಲ, ಟಾಟಾ ಮಾಡೂದಿಲ್ಲ, ಆದರೂ ಅಂವ ನಿಂತ ಇರ್ತಾನ, ಒಳಗ ಹೋಗೂ ತನಕ. ಪಿಚ್ಚರ್‌ನಾಗ ಅಪ್ಪ ಮಾತಾಡ್ತಾನ, ಮಗನಿಂದ ಉತ್ತರ ಬರೂದಿಲ್ಲ, ಮತ್ತ ಮಾತಾಡ್ತಾನ. ಎದುರಿಗಿನವರಿಂದ ಏನೂ ವಾಪಸ್ ಬರದಿದ್ದಾಗ ನಟನೆ ಮಾಡೂದು ಸಲೀಸಲ್ಲ. ಬ್ಯಾರೆ ಯಾರರೆ ಆಗಿದ್ರ ಕಣ್ಣೀರಿನ ಹೊಳಿ ಹರಿಸಿಬಿಡ್ತಿದ್ರು, ಹಿಂದ ವಯಲಿನ್ ಬ್ಯಾರೆ. ಇವರು ಬಗ್ಗಿ ಮಗನ ಎತ್ತರಕ್ಕ ಇಳದು, ಅವನು ಏನ್ ನೋಡಾಕತ್ತಾನೋ ಅದನ್ನ ನೋಡ್ತಾರ. ಮಗನಿಗೆ ಓಡೋದು ಇಷ್ಟ ಅಂತ ಅಪ್ಪಗ ತಿಳಿಯೋದು ಹಂಗ ನೋಡಿ ನೋಡಿನ. ಅದ ದಿಟ್ಟಿಸಿ ನೋಡೋದು, ನೀವು ಬೈದ್ರಲ್ಲ, ಅದ ಇಲ್ಲಿ ಬ್ಯಾರೆ ಆಗಿಬಿಡ್ತೈತಿ. ನೋಡಿ ಬಂದು ಆಮ್ಯಾಲೆ ಜಗಳ ಮಾಡ್ರಿ, ನಾನು ಇರ್ತೀನಿ.

ಅಟ್ಟಹಾಸದ ಬಗ್ಗೆ ನನಗ ಅಷ್ಟು ಪ್ರೀತಿ ಇಲ್ಲ. ಮೀಸಿ ಜಾಸ್ತಿ ಆತು ಅದರಾಗ.

ಎಡದಂಡೆ (ಸಿಂಧನೂರು)

ಕೊತ್ವಾಲ್ ವಿಷಯ ಬಿಡ್ರಿ 😄 ಖರೆ ಹೇಳಬೇಕಂದ್ರ ನನಗ ಅವರು ಇಷ್ಟ ಆಗಿದ್ದು ಬ್ಯಾರೆ ಕಾರಣಕ್ಕ, ಬನ್ನೇರುಘಟ್ಟ ಕಡೆ ಹೊಲ ಮಾಡ್ಕೊಂಡು ಸಾವಯವ ಕೃಷಿ ಮಾಡ್ತಾರ ಅಂತ. ನಾವು ಇಲ್ಲಿ ಭತ್ತಕ್ಕ ಔಷಧಿ ಹೊಡದು ಹೊಡದು ಸಾಕಾಗ್ಯದ, ಮ್ಯಾಲೆ ಕೊನೆ ಭಾಗಕ್ಕ ನೀರು ಬರೋದಿಲ್ಲ, ಅದು ಬ್ಯಾರೆ ಕಥಿ, ಇಲ್ಲಿ ಬ್ಯಾಡ.

ಮಾನ್ವಿ ಮೇಷ್ಟ್ರು

ಎಲ್ಲರದೂ ಓದಿದೆ. ಚರ್ಚಾ ಛಲೋ ನಡದದ, ಆದ್ರ ಒಂದು ಹೆಸರು ಬರಲಿಲ್ಲಲ್ಲ ಅಂತ ಬರೀಲಿಕತ್ತೀನಿ. ಮೌನದ ಅಭಿನಯ ಅಂದ್ರ ಗಡ್ಡ, ಪೊಲೀಸ್ ಡ್ರೆಸ್ಸು, ಗಂಭೀರ ದನಿ, ಇಷ್ಟ ಅಂತ ಯಾಕ ತಿಳಕೊಂಡೀರಿ? ನಮ್ಮ ವೈಜನಾಥ ಬಿರಾದಾರ ಅವ್ರನ್ನ ತಗೋರಿ, ಬೀದರ್ ಕಡೆಯವ್ರು. ಪಿಚ್ಚರ್‌ದಾಗ ಅವ್ರು ಬಂದ್ರ ಮಂದಿ ಮೊದಲ ನಗಲಿಕ್ಕೆ ಶುರು ಮಾಡ್ತಾರ, ಭಿಕ್ಷುಕ ಇಲ್ಲಾ ಕುಡುಕ, ಎರಡ ಪಾತ್ರ ಅವ್ರಿಗೆ. ನಮ್ಮ ಭಾಗದ ಮಾತು ಆಡೋ ಮನುಷ್ಯ ಅಂದ್ರ ಬೆಂಗಳೂರು ಪಿಚ್ಚರ್‌ದವ್ರಿಗೆ ನಗಸ್ಲಿಕ್ಕೆ ಬೇಕು, ಇಲ್ಲಾ ಕುಡುಗೋಲು ಹಿಡದು ಓಡಾಡ್ಲಿಕ್ಕೆ ಬೇಕು, ಸುಮ್ನ ಕೂತು ವಿಚಾರ ಮಾಡೋ ಮನುಷ್ಯನೂ ನಮ್ಮ ಕಡೆ ಇರ್ತಾನ ಅಂತ ಅವ್ರಿಗೆ ಗೊತ್ತಿಲ್ಲ. ಅಂಥದ್ರಾಗ ಗಿರೀಶ ಕಾಸರವಳ್ಳಿ ಅವ್ರು ಕನಸೆಂಬೋ ಕುದುರೆಯನೇರಿ ಮಾಡಿದಾಗ ಈರ್ಯಾನ ಪಾತ್ರಕ್ಕ ಬಿರಾದಾರ ಅವ್ರನ್ನ ತಗೊಂಡ್ರು. ಕಥಿ ನಮ್ಮ ಮಾನ್ವಿ ತಾಲೂಕಿನ ನುಗಡೋಣಿ ಊರಿನ ಅಮರೇಶ ನುಗಡೋಣಿ ಅವ್ರದು, ‘ಸವಾರಿ’ ಅಂತ. ಈರ್ಯಾ ಕುಣಿ ತೋಡಾಂವ. ಅವನ ಕನಸಿನ್ಯಾಗ ಸಿದ್ಧ ಅನ್ನೋ ಸಾಧು ಬಂದ್ರ ಊರಾಗ ಯಾರೋ ಸತ್ತಾರ ಅಂತ ಅರ್ಥ, ಎದ್ದು ಹೋಗಿ ಕುಣಿ ತೋಡ್ತಾನ. ಒಂದಿನ ಸಿದ್ಧ ಬರ್ತಾನ, ಆದ್ರ ಊರಾಗ ಯಾರೂ ಸತ್ತಿಲ್ಲ ಅಂತಾರ. ಗೌಡ ಸತ್ತಿರ್ತಾನ, ಮನಿಯವ್ರು ಮುಚ್ಚಿಟ್ಟಿರ್ತಾರ.

ಈ ಮನುಷ್ಯ ಎದುರಿಗೆ ಯಾರನ್ನೂ ಬೈಯಂಗಿಲ್ಲ, ದೊಡ್ಡ ಡೈಲಾಗಿಲ್ಲ, ತನ್ನ ಕನಸು ಸುಳ್ಳಾತಲ್ಲ ಅನ್ನೋದೊಂದ ಚಿಂತಿ. ಆ ಚಿಂತಿ ಬಿರಾದಾರ ಅವ್ರ ಮುಖದಾಗ ಅಲ್ಲ, ಅವ್ರು ನಡಿಯೋದ್ರಾಗ ಕಾಣಸ್ತದ, ಹೆಂಗಂದ್ರ ಮೊದಲು ಭರ್ರನ ಹೊಂಟಾಂವ ಅರ್ಧ ದಾರಿಗೆ ಬಂದು ಕಾಲು ಎತ್ತಿಡ್ಲಿಕ್ಕೆ ಹಿಂದ ಮುಂದ ನೋಡ್ತಾನ. ಉಮಾಶ್ರೀ ಅವ್ರು ಹೆಂಡ್ತಿ, ಅವ್ರೂ ಹಂಗ. ಸ್ಪೇನ್ ದೇಶದ ಫಿಲಂ ಫೆಸ್ಟಿವಲ್‌ದಾಗ ಬಿರಾದಾರ ಅವ್ರಿಗೆ ಶ್ರೇಷ್ಠ ನಟ ಅಂತ ಪ್ರಶಸ್ತಿ ಕೊಟ್ರು. ಅದಾದ ಮ್ಯಾಲೂ ಇಲ್ಲಿ ಮತ್ತ ಅದ ಭಿಕ್ಷುಕನ ಪಾತ್ರ. ಕೋಟೆಕೆಳಗಿನ ತಮ್ಮ, ನೀ ಕೇಳಿದ ಮೂರನೇ ಪ್ರಶ್ನೆಗೆ ಉತ್ತರ ಇದರಾಗ ಅದ ನೋಡು, ಕಿಶೋರ್‌ಗೆ ಪೊಲೀಸ್ ಪಾತ್ರ ಸಿಕ್ರ ಬಿರಾದಾರಗೆ ಅದೂ ಸಿಗಂಗಿಲ್ಲ.

ಸಂಚಾರಿ ವಿಜಯ್ ಹೆಸರೂ ಹೇಳಬೇಕು. ಹರಿವು ಪಿಚ್ಚರ್ ನೋಡಿಲ್ಲಂದ್ರ ನೋಡ್ರಿ. ನಮ್ಮ ಕಡೆಯ ಒಬ್ಬ ರೈತ, ಬೆಂಗಳೂರಿನ ದವಾಖಾನ್ಯಾಗ ತೀರಿಕೊಂಡ ಮಗನ್ನ ಟ್ರಂಕಿನ್ಯಾಗ ಇಟ್ಕೊಂಡು ಊರಿಗೆ ಹೊಂಡ್ತಾನ. ವಿಜಯ್ ಚಿಕ್ಕಮಗಳೂರು ಜಿಲ್ಲಾದವ್ರು, ಆದ್ರ ನಮ್ಮ ಮಾತು ಎಷ್ಟು ಹದಕ್ಕ ಹಿಡದಾರ. 62ನೇ ರಾಷ್ಟ್ರಪ್ರಶಸ್ತಿ ಒಳಗ ಹರಿವು ಶ್ರೇಷ್ಠ ಕನ್ನಡ ಚಿತ್ರ, ಅದ ವರ್ಷ ನಾನು ಅವನಲ್ಲ ಅವಳು ಚಿತ್ರಕ್ಕ ಇವ್ರ ಶ್ರೇಷ್ಠ ನಟ. 2021ರ ಜೂನ್‌ದಾಗ ಬೈಕ್ ಆಕ್ಸಿಡೆಂಟ್ ಆಗಿ ಹೋದ್ರು, ಅಂಗಾಂಗ ದಾನ ಮಾಡಿದ್ರು ಮನಿಯವ್ರು. ಇನ್ನೂ ನಾಲ್ವತ್ತು ಆಗಿರಲಿಲ್ಲ.

ವೀಡಿಯೊ ಮಲ್ಲಿ (ಬಳ್ಳಾರಿ)

ಮೇಷ್ಟ್ರೇ 🙏 ಹರಿವು ನೋಡಿದೀನಿ, ಆ ಬಸ್ಸಿನ ಸೀನ್ ಇನ್ನೂ ತಲೇಲೈತೆ, ಟ್ರಂಕಿನ ಮೇಲೆ ಕೈ ಇಟ್ಕೊಂಡು ಕೂತಿರೋದು.

ಒಂದು ಸೇರಿಸ್ಬೇಕು ಕಿಶೋರ್ ವಿಷಯಕ್ಕೆ. ಆಡುಕಳಂ (2011) ನೋಡಿದವರಿಗೆ ಗೊತ್ತಿರಬಹುದು, ಮದುರೆ ಕೋಳಿ ಅಂಕದ ಕಥೆ, ಧನುಷ್‌ಗೆ ಆ ವರ್ಷ ರಾಷ್ಟ್ರಪ್ರಶಸ್ತಿ. ಅದರಾಗೆ ಕಿಶೋರ್ ದೊರೈ ಅನ್ನೋ ಪಾತ್ರ, ದನಿ ಅವರದಲ್ಲ. ಮದುರೆ ತಮಿಳು ಬೇಕಿತ್ತು ಅಂತ ತಮಿಳು ನಟ ಸಮುದ್ರಕನಿ ಡಬ್ ಮಾಡಿದ್ರು. ಈಗ ಯೋಚನೆ ಮಾಡ್ರಿ, ನಟನ ದನಿಯನ್ನೇ ತೆಗೆದುಬಿಟ್ರೆ ಉಳಿಯೋದೇನು, ಮೈ ಮತ್ತೆ ಕಣ್ಣು ಅಷ್ಟೇ. ಆದ್ರೂ ಆ ಪಿಚ್ಚರ್ ಕೊನೇಗೆ, ಇಷ್ಟು ದಿನ ಜೊತೆಗಿದ್ದ ಹುಡುಗನ ಮೇಲೆ ಅನುಮಾನ ಹುಟ್ಟಿದ ಮೇಲೆ ಇವರು ನೋಡೋ ನೋಟ ಐತಲ್ಲ, ಅದಕ್ಕೆ ಯಾವ ದನೀನೂ ಬೇಕಿಲ್ಲ.

ಇನ್ನೂ ಮಜಾ ಮುಂದೈತೆ. ವಿಸಾರಣೈಯಲ್ಲಿ ಅದೇ ಸಮುದ್ರಕನಿ ಪೊಲೀಸ್, ಕಿಶೋರ್ ಆ ಪೊಲೀಸ್ ಕೈಗೆ ಸಿಕ್ಕೊಂಡ ಆಡಿಟರ್. ವಡ ಚೆನ್ನೈ (2018) ಒಳಗೆ ಇಬ್ರೂ ಒಂದೇ ಗ್ಯಾಂಗಿಂದ ಒಡೆದು ಎರಡು ಬಣ ಆದೋರು, ಗುಣ ಸಮುದ್ರಕನಿ, ಸೆಂಥಿಲ್ ಕಿಶೋರ್. ವೆಟ್ರಿಮಾರನ್ ಇವರಿಬ್ರನ್ನೂ ಎದುರು ಬದುರು ನಿಲ್ಲಿಸಿ ಆಡಿಸ್ತಾರೆ. ಪೊಲ್ಲಾದವನ್ನಿಂದ ವಿಡುದಲೈ ಎರಡನೇ ಭಾಗದ ತನಕ ಕಿಶೋರ್‌ನ ಮತ್ತೆ ಮತ್ತೆ ಕರೀತಾ ಬಂದಿದಾರೆ. ಕನ್ನಡದಾಗೆ ಯಾವ ನಿರ್ದೇಶಕನೂ ಇವರ ಮೇಲೆ ಇಷ್ಟು ವರ್ಷ ಹಠ ಹಿಡಿದು ಕೂರಲಿಲ್ಲ, ನನ್ನ ತಕರಾರು ಅಷ್ಟೇ. ಪಾತ್ರ ಕೊಡೋರು ಬಂದು ಹೋಗ್ತಾರೆ, ಆದ್ರೆ ಒಬ್ಬ ನಟನ್ನ ಈ ಸಲ ಡಾನ್, ಮುಂದಿನ ಸಲ ಕೋಳಿ ಸಾಕೋನು, ಅದರ ಮುಂದೆ ಒದೆ ತಿನ್ನೋ ಆಡಿಟರ್ ಅಂತ ಹೊರಳಿಸಿ ಹೊರಳಿಸಿ ನೋಡೋಕೆ ಒಬ್ಬನಾದ್ರೂ ಬೇಕು. ವಿಸಾರಣೈ ಒಳಗೆ ಇವರು ಒದೆ ತಿನ್ನೋನು ಅನ್ನೋದೇ ದೊಡ್ಡ ವಿಷಯ, ಯಾಕಂದ್ರೆ ಉಳಿದ ಕಡೆ ಎಲ್ಲಾ ಇವರೇ ಒದೆಯೋರು.

ರಕ್ಷಿತ್ ಶೆಟ್ಟಿ ಒಂದು ಸಲ ಪ್ರಯತ್ನ ಪಟ್ರು, ಉಳಿದವರು ಕಂಡಂತೆ (2014), ಮಲ್ಪೆ ಮುನ್ನ. ಅದು ಬಿಟ್ರೆ ಕಾಂತಾರ. ಅದು ಬಂದಿದ್ದು 2022ರ ಸೆಪ್ಟೆಂಬರ್ 30, ಅದೇ ದಿನ ತಮಿಳಿನ ಪೊನ್ನಿಯಿನ್ ಸೆಲ್ವನ್ ಮೊದಲ ಭಾಗ, ಅದರಾಗೆ ರವಿದಾಸನ್ ಇವರೇ. ಒಂದೇ ಶುಕ್ರವಾರ ಒಂದು ಕಡೆ ಚೋಳರನ್ನ ಮುಗಿಸೋಕೆ ಹೊರಟ ಸಂಚುಕೋರ, ಇನ್ನೊಂದು ಕಡೆ ಕರಾವಳಿ ಕಾಡಿನ ಆಫೀಸರ್. ಬಳ್ಳಾರಿಯಲ್ಲಿ ಎರಡಕ್ಕೂ ಹೋದೋರು ಇದಾರೆ, ಎರಡರಲ್ಲೂ ಒಬ್ಬರೇ ಅಂತ ಗುರುತು ಹಿಡೀಲಿಲ್ಲ ಎಷ್ಟೋ ಜನ. @ಬಿಸಿಲು ಕುದುರೆ ಒಂದೇ ಮುಖ ಅಂದ್ರಲ್ಲ, ಅದಕ್ಕೆ ಹೇಳಿದೆ.

ರಂಗದ ಹಳೇ ಗಿರಾಕಿ (ಬಳ್ಳಾರಿ)

ಏನಪ್ಪಾ ಕೋಟೆಕೆಳಗಿನವನೆ, ನೀನು ನಾಟಕಕ್ಕೆ ಕೇಳಿದ್ದು, ಇವರೆಲ್ಲ ಸಿನಿಮಾ ಹೇಳ್ತಿದಾರೆ. ಕ್ಯಾಮೆರಾ ಬಂದು ನಿನ್ನ ರೆಪ್ಪೆ ತೋರಿಸಲ್ಲ ಇಲ್ಲಿ. ರಾಘವ ಕಲಾಮಂದಿರದ ಕೊನೇ ಸಾಲಲ್ಲಿ ಕೂತವನಿಗೆ ನಿನ್ನ ರೆಪ್ಪೆ ತಗೊಂಡು ಏನಾಗ್ಬೇಕು, ಅವನಿಗೆ ಕಾಣೋದು ನೀನು ಎಲ್ಲಿ ನಿಂತೆ, ಯಾವಾಗ ಕದಲಿದೆ ಅಷ್ಟೇ.

ನಮ್ಮ ಕಡೆ ಬೇರು ಯಾವುದು ಅಂತ ಮೊದಲು ನೋಡು. ಬಯಲಾಟ ರಾತ್ರಿ ಶುರುವಾದ್ರೆ ಬೆಳಕು ಹರಿಯೋ ತನಕ, ಭುಜಕೀರ್ತಿ ಕಿರೀಟ ಹಾಕ್ಕೊಂಡು ಹೆಜ್ಜೆ ಹಾಕ್ತಾ ಊರ ಆಚೆಗೂ ಕೇಳೋ ಹಾಗೆ ಮಾತು ಹೇಳ್ಬೇಕು, ಆಟ ನಡೆಸೋ ಸಾರಥಿ ಮಧ್ಯೆ ಮಧ್ಯೆ ಕೆಣಕ್ತಿರ್ತಾನೆ. ಆಮೇಲೆ ಕಂಪನಿ ನಾಟಕ, ಜಾತ್ರೆಗೆ ಟೆಂಟ್ ಹಾಕಿದ್ರೆ ಮೇಲೆ ಮೈಕ್ ಕಟ್ಟಿರ್ತಾರೆ, ನಟ ಡೈಲಾಗ್ ಬಂದ್ರೆ ಸೀದಾ ಮೈಕಿನ ಕೆಳಗೆ ಬಂದು ನಿಂತು ಜನರ ಕಡೆ ಮುಖ ಮಾಡಿ ಹೇಳೋದು, ಎದುರಿಗಿರೋ ಹೆಂಡತಿ ಕಡೆ ತಿರುಗಲ್ಲ. ಅದು ತಪ್ಪು ಅಂತ ನಾನು ಅನ್ನಲ್ಲ, ಅದಕ್ಕೆ ಅದರದೇ ತಾಕತ್ತೈತೆ, ನಿಮ್ಮ ಮಾವ ಬೆಳೆದಿದ್ದು ಆ ಟೆಂಟಿನಲ್ಲೇ ಇರಬೇಕು, ಅದಕ್ಕೇ ಅವರಿಗೆ ಹಾಗನಿಸ್ತು.

ಆದ್ರೆ ಇದೇ ಊರಿನಲ್ಲಿ ಬಳ್ಳಾರಿ ರಾಘವರು ಇದ್ರು ಅನ್ನೋದು ಮರೀಬೇಡ. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ ಇಲ್ಲಿ ವಕೀಲಿ ಮಾಡಿದವರು. ಧರ್ಮವರಂ ರಾಮಕೃಷ್ಣಮಾಚಾರ್ಯರು ಅವರ ಸೋದರಮಾವ, ಅವರೂ ನಾಟಕದವರೇ. ಆವಾಗ ತೆಲುಗು ನಾಟಕ ಅಂದ್ರೆ ಪದ್ಯ, ಒಂದು ಪದ್ಯಕ್ಕೆ ರಾಗ ಎಳೆದೂ ಎಳೆದೂ ಒನ್ಸ್‌ಮೋರ್ ಹೊಡೆಸ್ಕೊಳ್ಳೋದು, ಸತ್ತು ಬಿದ್ದ ಪಾತ್ರ ಎದ್ದು ಮತ್ತೊಮ್ಮೆ ಹಾಡೋ ಕಾಲ. ರಾಘವರು ಹಾಡಿನ ಈ ಹಾವಳಿ ಬೇಡ, ಪಾತ್ರದ ಭಾವ ಬರಲಿ ಅಂತ ಹಠ ಹಿಡಿದವರು. ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡ್ಬೇಕು ಅಂತಾನೂ ಬಡಿದಾಡಿದ್ರು. 1939ರ ರೈತು ಬಿಡ್ಡ ಸಿನಿಮಾದಲ್ಲಿ ರೈತನ ಪಾತ್ರ ಅವರದು, 1946ರಲ್ಲಿ ತೀರಿಕೊಂಡ್ರು. ಆ ಹೆಸರಿನ ಮಂದಿರದ ಸ್ಟೇಜ್ ಮೇಲೆ ನಿಂತು ಸುಮ್ನಿರೋ ಆಕ್ಟಿಂಗ್ ಬೆಂಗಳೂರಿಂದಲೋ ಮದ್ರಾಸಿಂದಲೋ ಬರ್ಬೇಕು ಅಂದ್ರೆ ನನಗೆ ನಗು ಬರ್ತೈತೆ.

ಈಗ ನಿನ್ನ ಕೆಲಸಕ್ಕೆ ಬರೋಣ. ನೀನು ರೆವಿನ್ಯೂ ಇನ್ಸ್‌ಪೆಕ್ಟರ್ ಅಂದೆ. ಆ ಮನುಷ್ಯ ಅಲ್ಲಿಗೆ ಯಾಕೆ ಬಂದ, ಅವನಿಗೆ ಏನು ಬೇಕು, ಎಷ್ಟೊತ್ತಿಗೆ ವಾಪಸ್ ಹೋಗ್ಬೇಕು, ಇದು ಗೊತ್ತಿದ್ರೆ ನೀನು ಸುಮ್ನೆ ನಿಂತ್ರೂ ಏನೋ ನಡೀತಿರ್ತೈತೆ. ಗೊತ್ತಿಲ್ದೇ ನಿಂತ್ರೆ ಪಕ್ಕದವನು ನಗ್ತಾನೆ, ನಗ್ಲೇಬೇಕು. ಕೈಗೆ ಒಂದು ಕೆಲಸ ಇಟ್ಕೊ. ಪಹಣಿ ಕಟ್ಟು ಬಿಚ್ಚಿ ಒಂದು ಹಾಳೆ ಹುಡುಕ್ತಾ ಇರು, ಎದುರಿನವನು ಅಳ್ತಾ ಇರೋವಾಗ ಹಾಳೆ ತಿರುವೋದು ನಿಲ್ಲಿಸ್ಬೇಡ, ಅವನು ಮುಖ್ಯವಾದ ಮಾತು ಹೇಳಿದಾಗ ಮಾತ್ರ ನಿಲ್ಲಿಸು. ನೀನು ತಲೆ ಎತ್ತೋದೂ ಬೇಡ. ಕೊನೇ ಸಾಲಿನವನಿಗೂ ಕಾಣ್ತೈತೆ, ಕೈ ನಿಂತಿದ್ದು. ಮತ್ತೆ ಬೇರೆಯವರು ಮಾತಾಡುವಾಗ ನಿಜವಾಗ್ಲೂ ಕೇಳಿಸ್ಕೊ. ಮುಕ್ಕಾಲು ಪಾಲು ಹವ್ಯಾಸಿ ನಟರು ಕೇಳಿಸ್ಕೊಳ್ಳಲ್ಲ, ತಮ್ಮ ಲೈನ್ ಯಾವಾಗ ಬರ್ತೈತೆ ಅಂತ ಲೆಕ್ಕ ಹಾಕ್ತಿರ್ತಾರೆ. ಅದು ಮುಖದಾಗೆ ಬರೆದಿರ್ತೈತೆ.

‘ಕಿಶೋರ್ ಥರ’ ಅಂತ ನಿಮ್ಮ ನಿರ್ದೇಶಕರು ಅಂದಿದ್ದು ಮಾತ್ರ ನನಗೆ ಸರಿ ಬರಲಿಲ್ಲ. ಯಾರ ಥರಾನೂ ಮಾಡಿಸ್ಬಾರದು. ಹೇಳೋಕೆ ಬರದಿದ್ದಾಗ ಹೆಸರು ಹೇಳ್ತಾರೆ.

ಕೋಟೆಕೆಳಗಿನವ (ಬಳ್ಳಾರಿ)

ಗುರುಗಳೇ ಕಾಲಿಗೆ ಬಿದ್ದೆ 🙏🙏 ಪಹಣಿ ಐಡಿಯಾ ನಿನ್ನೆ ರಿಹರ್ಸಲ್‌ನಲ್ಲೇ ಹಾಕಿದೆ. ಹಾಳೆ ತಿರುವೋದು ನಿಲ್ಲಿಸಿದ ತಕ್ಷಣ ಎದುರಿಗೆ ರೈತನ ಪಾತ್ರ ಮಾಡೋ ಹುಡುಗ ತಾನೇ ತಡವರಿಸಿಬಿಟ್ಟ, ಲೈನ್ ಮರೆತ. ನಿರ್ದೇಶಕರು ಏನೂ ಅನ್ನಲಿಲ್ಲ, ಇನ್ನೊಂದು ಸಲ ಮಾಡ್ರಿ ಅಂದ್ರು ಅಷ್ಟೆ. ಅದು ಒಳ್ಳೇದೋ ಕೆಟ್ಟದ್ದೋ ತಿಳೀಲಿಲ್ಲ. ಮಾವನಿಗೆ ಹರಿವು ತೋರಿಸ್ಬೇಕು ಅಂತಿದೀನಿ, ಅಳೋದು ಗ್ಯಾರಂಟಿ. ಮೇಷ್ಟ್ರೇ, ಕಾಸರವಳ್ಳಿ ಪಿಚ್ಚರ್ ನಮ್ಮ ತಂಡದವರಿಗೂ ತೋರಿಸೋಣ ಅಂತ ಮಾತಾಗೈತೆ, ನುಗಡೋಣಿ ಅವರ ಕಥೆನೂ ಓದ್ತೀವಿ ಮೊದಲು.

ವಿಸಾರಣೈ, ವಡ ಚೆನ್ನೈ ತೆಲುಗು ಡಬ್ಬಿಂಗಲ್ಲಿ ಸಿಕ್ಕರೆ ನೋಡ್ಬಹುದಾ? ತಮಿಳು ಅಷ್ಟಕ್ಕಷ್ಟೇ ನಂದು.

ವೀಡಿಯೊ ಮಲ್ಲಿ (ಬಳ್ಳಾರಿ)

ಬೇಡ ಮಾರಾಯ. ತಮಿಳಲ್ಲೇ ಸಬ್‌ಟೈಟಲ್ ಹಾಕ್ಕೊಂಡು ನೋಡು. ಡಬ್ಬಿಂಗ್‌ನೋರಿಗೆ ನಿಶ್ಶಬ್ದ ಅಂದ್ರೆ ಭಯ, ಬಾಯಿ ಕಾಣದ ಶಾಟ್ ಬಂದ್ರೆ ಸಾಕು, ಅಲ್ಲೊಂದು "ಆಂ", "ಏಯ್", "ಅರೇ" ಅಂತ ಏನಾದ್ರೂ ತುಂಬಿಬಿಡ್ತಾರೆ. ನಾನು ಮೇಲೆ ಗ್ಯಾಪ್ ಅಂತ ಬರೆದೆನಲ್ಲ, ಮೊದಲು ಹೋಗೋದು ಅದೇ. ವಿಸಾರಣೈ ಮಾತ್ರ ಮನೆ ಮಂದಿ ಜೊತೆ ಕೂತು ನೋಡ್ಬೇಡ, ಪೊಲೀಸ್ ಹೊಡೆತ ತುಂಬ ಐತೆ, ಊಟ ಸೇರಲ್ಲ.

ಬಿಸಿಲು ಕುದುರೆ (ಹೊಸಪೇಟೆ ರ‌ಸ್ತೆ)

ಟೀಚರ್ ಮೇಡಂ, ಹರಿದಾಸ್ ಇವತ್ತು ರಾತ್ರಿ ನೋಡ್ತೀನಿ. ಆದ್ರೆ ಶೀ ವಿಷಯದಾಗೆ ನಾನು ಒಂದಿಂಚೂ ಹಿಂದೆ ಸರಿಯಲ್ಲ, ಅದರಾಗೆ ಓವರೇ.

ಗಂಗಾವತಿ ಟೀಚರ್

ಶೀ ನಾನೂ ಅರ್ಧಕ್ಕ ಬಿಟ್ಟೀನಿ ಬಿಡ್ರಿ.